ಕಾಣಿಕೆ ಚೀಲದಲ್ಲೊಂದು ರಜಾ ಅರ್ಜಿ

ನಡಾವಳಿ ಪುಸ್ತಕದಲ್ಲಿ ನಾನು ಬರೆದದ್ದು ಇಷ್ಟೇ:
'ಸಿಬ್ಬಂದಿಯ ರಜೆಯ ವಿಷಯ ಚರ್ಚಿಸಲಾಯಿತು.'
ಹದಿನಾಲ್ಕು ವರ್ಷದಿಂದ ಭದ್ರಾವತಿಯ ಈ ಸಭೆಗೆ ನಾನೇ ಕಾರ್ಯದರ್ಶಿ.
'ಲಾಯಿತು' ಎಂಬ ಬಾಲದೊಳಗೆ
ಯಾರ ಯಾರ ದನಿ ಮಡಚಿಡಬಹುದೆಂದು ಬಲ್ಲೆ.

ಆ ಭಾನುವಾರ ಆರಾಧನೆ ಮುಗಿದು
ಆಮೋಸರು ಕಾಣಿಕೆ ಎಣಿಸುತ್ತಿದ್ದರು.
ಹತ್ತರ ನೋಟು ಒಂದು ಕಡೆ, ಚಿಲ್ಲರೆ ಒಂದು ಕಡೆ,
ನಡುವೆ ನಾಲ್ಕಾಗಿ ಮಡಚಿದ ಕಾಗದ,
ಸಂಡೇ ಸ್ಕೂಲಿನ ಹಾಜರಿ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ:

'ಕರ್ತನಿಗೆ ಸ್ತೋತ್ರ.
ಒಂದು ಭಾನುವಾರ ರಜೆ ಬೇಕು.
ತರೀಕೆರೆಯಲ್ಲಿ ಮಗಳು ಹೆತ್ತು ಮೂರು ತಿಂಗಳು, ಕೂಸಿನ ಮುಖ ನೋಡಿಲ್ಲ.
ಯಾರನ್ನು ಕೇಳಬೇಕೋ ತಿಳಿಯಲಿಲ್ಲ.
ಇಂತಿ, ಗಂಟೆ ಇಸಾಕಪ್ಪ.'

ಕೇಳಬಹುದಾಗಿದ್ದ ಹನ್ನೊಂದು ಮಂದಿ ಕಮಿಟಿಯಲ್ಲಿದ್ದೆವು.

ಮಂಗಳವಾರ ಸಂಜೆ ವೆಸ್ಟ್ರಿಯಲ್ಲಿ ಬನ್ನು, ಚಹಾ.
ತಂದವನೂ ಇಸಾಕಪ್ಪನೇ;
ತಟ್ಟೆಯಿಟ್ಟು, ಬಾಗಿಲೆಳೆದುಕೊಂಡು ಹೋದ.
'ದೇವರ ಕೆಲಸಕ್ಕೆ ರಜೆ ಅಂದ್ರೇನ್ರೀ?' ಎಂದರು ಆಮೋಸರು.
ಯಾರೋ ತಲೆಯಾಡಿಸಿದರು. ನಾನೂ ಆಡಿಸಿದೆನೇನೋ.

ಆಗ ಜಯಶೀಲಪ್ಪ,
ಊದುಕುಲುಮೆಯ ಮುಂದೆ ಮೂವತ್ತೊಂದು ವರ್ಷ ನಿಂತವರು,
ಎಡಗಿವಿ ಮಂದ, ಹಾಗಾಗಿ ಗುಟ್ಟನ್ನೂ ಜೋರಾಗಿಯೇ ಹೇಳುವವರು:
'ಕಬ್ಬಿಣ ಕರಗಿಸೋ ಕುಲುಮೇನೂ ಆರಿಸ್ತಿದ್ರು ಕಣಯ್ಯಾ,
ಒಳಗಿನ ಇಟ್ಟಿಗೆ ಬದಲಿಸೋಕೆ.
ಆರಿಸದೇ ಓಡಿಸಿದ್ರೆ ಒಂದಿನ ಗೋಡೆ ಬಿಡುತ್ತೆ,
ಎದುರಿಗೆ ನಿಂತೋನ ಮೇಲೆ.
ಅಲ್ಲಿ ಪಾಳಿ ಮುಗಿದ್ರೆ ಸೈರನ್ ಕೂಗೋದು.
ಇಲ್ಲಿ ಕೂಗೋರು ಯಾರು?
ಗಂಟೆಯೇ ಅವನ ಕೈಲಿದೆ.'

ಕಮಿಟಿಯಲ್ಲಿ ಎಂದೂ ಬಾಯಿ ತೆರೆಯದ ಶುಭವತಿ,
ಕೀಬೋರ್ಡಿನ ಹುಡುಗಿ, ನೆಲ ನೋಡುತ್ತ ಅಂದಳು:
'ಶನಿವಾರ ರಾತ್ರಿ ಹನ್ನೊಂದಕ್ಕೆ
ಕೀರ್ತನೆ ಬದಲಾಯ್ತು ಅಂತ ಮೆಸೇಜ್ ಬರುತ್ತೆ.
ತಪ್ಪು ನುಡಿಸಿದ ದಿನ ಮಾತ್ರ ನನ್ನ ಹೆಸರು ಎಲ್ಲರಿಗೂ ನೆನಪಾಗುತ್ತೆ.'
ಮೆಸೇಜ್ ಯಾರದೆಂದು ಹೇಳಲಿಲ್ಲ.
ನನ್ನ ಪೆನ್ನು ನಿಂತಿತು.

ಅಯ್ಯನವರು ಬನ್ನಿನ ಚೂರುಗಳನ್ನು
ಬೆರಳಿಗೆ ಒತ್ತಿ ಒತ್ತಿ ಎತ್ತುತ್ತಿದ್ದರು.
'ಸೋಮವಾರ ನನ್ನ ಬಿಡುವು ಅಂತ ಬರೆದಿದೆ.
ಬಂದು ಐದು ವರ್ಷ, ಒಂದು ಸೋಮವಾರವೂ ಮನೇಲಿ ಕೂತಿಲ್ಲ.
ನನ್ನ ನೋಡಿ ನಿಮಗೆ ಹುರುಪು ಬರುತ್ತೆ ಅಂದ್ಕೊಂಡಿದ್ದೆ.
ಹೆದರ್ತಿದ್ದೀರಿ ಅಂತ ಗೊತ್ತಾಗಲಿಲ್ಲ.'
ಅಮ್ಮನವರು ಇದನ್ನೇ ಎಷ್ಟು ಸಲ ಹೇಳಿ ಸೋತಿದ್ದರೋ.

ದೊಡ್ಡ ನಿರ್ಣಯವೇನೂ ಆಗಲಿಲ್ಲ.
ಆಮೋಸರು ಒಪ್ಪಿದರೆಂದೂ ಹೇಳಲಾರೆ;
ಏಳುವಾಗ ಸ್ವಂತ ಜೇಬಿನಿಂದ ಇನ್ನೂರು ತೆಗೆದು,
'ಬಸ್ ಚಾರ್ಜಿಗೆ ಕೊಡಿ, ಲೆಕ್ಕದಲ್ಲಿ ಬರೀಬೇಡಿ' ಎಂದರು.

ಮುಂದಿನ ಭಾನುವಾರ ಅಯ್ಯನವರೇ ಗಂಟೆ ಹೊಡೆದರು.
ಒಂದು. ಬಹಳ ಹೊತ್ತು ಬಿಟ್ಟು ಇನ್ನೊಂದು.
ಹಗ್ಗದ ಹದ ತಿಳಿಯದೆ, ಥೇಟ್ ಸಾವಿನ ಗಂಟೆ.
ಎದುರು ಓಣಿಯ ಹೂವಿನ ಹಸೀನಾಬಿ
ಪೋಣಿಸುತ್ತಿದ್ದ ಮಾಲೆ ಹಿಡಿದೇ ಓಡಿ ಬಂದಳು:
'ಯಾರು ಹೋದ್ರು?'
'ಇಸಾಕಪ್ಪ!' ಎಂದರು ಜಯಶೀಲಪ್ಪ ಜೋರಾಗಿ.
ಅವಳು ಬಾಯಿಗೆ ಸೆರಗು ಒತ್ತಿಕೊಂಡಳು.
'ತರೀಕೆರೆಗೆ! ನಾಳೆ ಬರ್ತಾನೆ!'

ನಾಳೆ ಬಂದ. ಹಗ್ಗ ನೋಡಿದ, ಗಂಟು ಬಿಚ್ಚಿ ಮತ್ತೆ ಕಟ್ಟಿದ.
'ಇನ್ನಷ್ಟು ಕೆಳಗೆ ಹಿಡೀಬೇಕು ಅಯ್ಯನವರೇ, ಎಳೆದು ಬಿಟ್ಬಿಡಬೇಕು.
ಬಿಟ್ರೇನೇ ಅದು ನುಡಿಯೋದು.'
ಅಂಗಿಯ ಹೆಗಲಲ್ಲಿ ಕೂಸಿನ ಹಾಲಿನ ಕಲೆ ಹಾಗೇ ಇತ್ತು.

ಇವೆಲ್ಲ ನಡಾವಳಿಗೆ ಬರುವ ಸಂಗತಿಗಳಲ್ಲ.
ಇದೂ ಅಲ್ಲ:
ಮೊನ್ನೆ ಶನಿವಾರ, ರಾತ್ರಿ ಹನ್ನೊಂದು,
ಮೂರನೇ ಕೀರ್ತನೆ ಬದಲಾದರೆ ಚೆನ್ನವೆನ್ನಿಸಿತು.
ಶುಭವತಿಯ ಹೆಸರೊತ್ತಿ ಎರಡು ಸಾಲು ಬರೆದೆ.
ಅಳಿಸಿದೆ.
ಬೆಳಗ್ಗೆ ಇದ್ದದ್ದನ್ನೇ ಹಾಡಿದೆವು.
ಚೆನ್ನಾಗಿಯೇ ಇತ್ತು.