ಕೆಂಪು ಉತ್ತರ

ಕೋಣೆಗೆ ಕಿಟಕಿ ಒಂದೇ. ಅದರಾಚೆ
ದಿಗಂತದ ತನಕ ಉಪ್ಪು.
ಕತ್ತಲೆ ಎಂಬುದು ಕೊಲ್ಚಾನಿಯಲ್ಲಿ
ಹಗಲು ಹೊತ್ತು ಸಿಗದ ಸಾಮಾನು.
ಕಿಟಕಿಗೆ ಕಂಬಳಿ, ಕಂಬಳಿಯ ತೂತಿಗೆ ನನ್ನ ಟೋಪಿ,
ಬಾಗಿಲ ಸಂದಿಗೆ ಸೆವೆರಿನಾಳ ಶಾಲು,
ಇಷ್ಟಾದರೂ ನೆಲದ ಮೇಲೆ ಒಂದು ಗೆರೆ ಬೆಳಕು
ಉಪ್ಪು ನೆಕ್ಕಲು ಬಂದ ಲಾಮಾದ ನಾಲಗೆ ಹಾಗೆ.

ಎಷ್ಟು ದಿನದ ಮಗು?
ಇಪ್ಪತ್ತಾರು. ಇವತ್ತು ಸೇರಿಸಿದರೆ ಇಪ್ಪತ್ತೇಳು.
ಹೆಸರು?
ಇನ್ನೂ ಇಟ್ಟಿಲ್ಲ, ಯೀಕಾದಿಂದ ಅಜ್ಜಿ ಬರಬೇಕು.
ಚೀಟಿಯಲ್ಲಿ ಬರೆದೆ: ಹೆಣ್ಣು, ಕಾಲ್ಸಿನಾ.

ಒಂದು ಮೊಳ ದೂರದಿಂದ ದೀಪ ಹಿಡಿಯಬೇಕು,
ಎರಡೂ ಕಣ್ಣಿಗೆ ಒಟ್ಟಿಗೇ.
ಒಳಗಿನಿಂದ ಕೆಂಪು ಉತ್ತರ ಬರಬೇಕು,
ಊದಿದರೆ ಬೂದಿಯಡಿಯ ಕೆಂಡ ಕಣ್ಣು ಬಿಡುತ್ತದಲ್ಲ,
ಹಾಗೆ.
ಇಷ್ಟೇ ಪರೀಕ್ಷೆ. ಅರ್ಧ ನಿಮಿಷ.
ಪೊತೋಸಿಯ ಡಾಕ್ಟರಮ್ಮ ಕಲಿಸುವಾಗ ನಕ್ಕಿದ್ದೆ,
ಇದಕ್ಕೂ ಒಂದು ತರಬೇತಿಯೇ ಎಂದು.

ಮಗು ಅತ್ತಿತು, ಕಣ್ಣು ಬಿಗಿದುಕೊಂಡಿತು.
ಬಿಡಿಸಲು ಹೋಗಬಾರದು. ಕಾಯಬೇಕು.
ಸೆವೆರಿನಾ ಎದೆಗೆ ಹಿಡಿದಳು
ಹಾಲಿನ ನಡುವೆ ಅದು ತಾನಾಗಿಯೇ ನೋಡಿತು, ಯಾರಿವಳು ಎಂಬಂತೆ.

ಬಲಗಣ್ಣಲ್ಲಿ ಕೆಂಡ.
ಪಾಪುವಿನ ಎಡ ಪಾಪೆಯಲ್ಲಿ ಏನೂ ಇಲ್ಲ.
ಏನೂ ಇಲ್ಲ ಅಂದರೆ, ಬಿಳಿ.
ಕಿಟಕಿಯಾಚೆ ಇರುವುದರಲ್ಲೇ ಒಂದು ಹರಳು.

ಬ್ಯಾಟರಿ ಬದಲಿಸಿದೆ. ಬಲ್ಬು ಒರೆಸಿದೆ.
ನಿಂತ ಜಾಗ ಬದಲಿಸಿದೆ.
ಬಿಳಿ ಬದಲಾಗಲಿಲ್ಲ.

ಮೂಲೆಯ ಬೆಂಚಿನಲ್ಲಿ ಇಲಾರಿಯೋ, ಇದರ ಅಣ್ಣ,
ಏಳು ವರ್ಷ. ಬಿಸ್ಕತ್ತು ಕೊಟ್ಟರೆ
ಇಡೀ ಮುಖವನ್ನೇ ಎಡಕ್ಕೆ ತಿರುಗಿಸಿ ನೋಡುವವನು.
ಅವನೂ ಇದೇ ಮೇಜಿನ ಮೇಲೆ ಮಲಗಿದ್ದ.
ಅವತ್ತು ನಾನು ಕಂಬಳಿ ಕಟ್ಟಿರಲಿಲ್ಲ.
ತೂಕ ನೋಡಿದೆ, ಹೊಕ್ಕುಳು ನೋಡಿದೆ,
ಕಣ್ಣಲ್ಲೇನೋ ಬೆಳ್ಳಗಿದೆ ಎಂದು ಅವಳೇ ತೋರಿಸಿದಾಗ
ಉಪ್ಪಿನ ನೆರಳಮ್ಮ ಅದು, ಅಂದುಬಿಟ್ಟೆ.
ಅವಳು ನಂಬಿದಳು.
ಪೊರೆಯಬೇಕಾದವಳಿಗೆ ಪೊರೆ ಕಾಣಲಿಲ್ಲ.

ಕಣ್ಣಿಂದ ಸುದ್ದಿ ಬಾರದಿದ್ದರೆ ಮಿದುಳು
ಬಹಳ ದಿನ ಕಾಯುವುದಿಲ್ಲ,
ಆ ಕಡೆಯ ಬಾಗಿಲಿಗೆ ಬೀಗ ಜಡಿದು
ಕೀಲಿ ಎಲ್ಲಿಟ್ಟೆನೆಂದು ಮರೆಯುತ್ತದೆ.
ಆಮೇಲೆ ಪೊರೆ ತೆಗೆದು ಕರೆದರೂ
ಒಳಗಿಂದ ಯಾರೂ ಓಗೊಡುವುದಿಲ್ಲ.

ಕತ್ತಲಲ್ಲೇ ಸೆವೆರಿನಾ ಕೇಳಿದಳು,
ಉಪ್ಪಿನ ನೆರಳಾ?

ಏಳು ವರ್ಷ ಜೋಪಾನವಾಗಿಟ್ಟುಕೊಂಡು
ನನ್ನ ಮಾತನ್ನೇ ನನ್ನ ಕೈಗೆ ಕೊಟ್ಟಳು.

ಅಲ್ಲ, ಅಂದೆ. ಅವತ್ತೂ ಅಲ್ಲ.

ಅವಳು ಏನೂ ಅನ್ನಲಿಲ್ಲ. ಮಗುವಿನ ಬಾಯಿ ಒರೆಸಿದಳು.
ಪೊತೋಸಿಗೆ ಬಸ್ಸು ಯಾವಾಗ ಎಂದಳು.
ಗುರುವಾರ, ಬೆಳಗಿನ ಜಾವ ನಾಲ್ಕಕ್ಕೆ.
ಆರು ವಾರ ತುಂಬುವುದರೊಳಗೆ ಆಪರೇಷನ್ ಆಗಬೇಕು,
ಇನ್ನು ಹದಿನೈದು ದಿನ, ನಾನೂ ಬರುತ್ತೇನೆ,
ಎಂದೇನೇನೋ ಹೇಳುತ್ತಿದ್ದೆ.
ಅವಳು ಬೆರಳು ಮಡಿಸುತ್ತಿದ್ದಳು. ದಿನಗಳನ್ನೋ, ದುಡ್ಡನ್ನೋ.

ಕಂಬಳಿ ಬಿಚ್ಚಲು ಎದ್ದಾಗ
ಇಲಾರಿಯೋ ದೀಪ ಎತ್ತಿಕೊಂಡಿದ್ದ.
ಕೂತುಕೋ, ಅಂದ. ಅಲ್ಲಾಡಬೇಡ.
ನಾನು ಹಿಡಿದ ಹಾಗೆಯೇ, ಒಂದು ಮೊಳ ದೂರದಿಂದ,
ತನ್ನ ಒಂದು ಕಣ್ಣಿನಿಂದ ಬಗ್ಗಿ ನೋಡಿ
ಅಮ್ಮನಿಗೆ ವರದಿ ಕೊಟ್ಟ:

ಇವಳದು ಎರಡೂ ಉರೀತಿವೆ.