ಕೆಮ್ಮು ಇರುವ ಅಧ್ಯಾಯ

ಶಿಡ್ಲಘಟ್ಟದಲ್ಲಿ ಬೆಳಗ್ಗೆ ಏಳಕ್ಕೆಲ್ಲ
ಬಾಂಡಲಿ ನೀರು ಮರಳುತ್ತದೆ.
ಗೂಡು ಮುಳುಗಿಸಿ, ಎಳೆ ಹುಡುಕಿ, ಚರಕಕ್ಕೆ ಕೊಟ್ಟಮೇಲೆ
ಎರಡು ಕೈಯೂ ನಮ್ಮವಲ್ಲ.
ಕಿವಿ ಮಾತ್ರ ಖಾಲಿ.

ಅದಕ್ಕೇ ಪುಸ್ತಕ ಕಿವಿಯಿಂದ ಬಂತು.
ತಂಗಿಯ ಮಗ ಫೋನಿಗೆ ಅದೇನೋ ಹಾಕಿಕೊಟ್ಟ.
ಇಯರ್‌ಫೋನಿನ ಒಂದು ತುದಿ ನನಗೆ,
ಇನ್ನೊಂದು ಪಕ್ಕದ ಬಾಂಡಲಿಯ ಜೈತುನ್‌ಗೆ.
ತಂತಿಯ ಉದ್ದ ಸಾಲದೆ ಒಂದು ಕಾದಂಬರಿ ಪೂರ್ತಿ
ವಾಲಿಕೊಂಡೇ ನೂಲು ಬಿಚ್ಚಿದೆವು.
ನನ್ನ ಎಡಸೊಂಟ, ಅವಳ ಬಲಸೊಂಟ
ಈಗಲೂ ಆ ಕತೆ ಮರೆತಿಲ್ಲ.

ಈಗ ಎಲ್ಲರದೂ ಒಂದೊಂದು ನಡೆಯುತ್ತಿರುತ್ತದೆ.
ಹತ್ತೂವರೆಯ ಟೀಗೆ ಕೂತರೆ ಮೊದಲ ಮಾತೇ
"ನಿಂದು ಎಲ್ಲಿಗೆ ಬಂತು?"
ಪುಸ್ತಕದ ಹೆಸರು ಯಾರಿಗೂ ನೆನಪಿರುವುದಿಲ್ಲ.
ಪಿಳ್ಳಮ್ಮನದು ಪೋಸ್ಟ್‌ಮಾಸ್ಟರನ ಹೆಂಡತಿ ಕಾಗದ ಬಚ್ಚಿಡುವ ಕತೆ:
"ಮೂರು ದಿನದಿಂದ ಬಚ್ಚಿಡ್ತಾನೇ ಅವ್ಳೆ ಕಣೆ,
ಸೆರಗಲ್ಲಿ ಇನ್ನೆಷ್ಟು ಜಾಗ ಐತೋ."
ಜೈತುನ್‌ಗೆ ಕೊಲೆಯೇ ಆಗಬೇಕು.
ಕೊಂದವನು ಯಾರೆಂದು ನಾನು ಬಾಯಿಬಿಟ್ಟ ತಪ್ಪಿಗೆ
ಒಂದು ವಾರ ಮಾತು ಬಿಟ್ಟಿದ್ದಳು.
ಹುಳದ ವಾಸನೆಗೆ ಇನ್ನೂ ಮೂಗು ಮುಚ್ಚುವ ನವನೀತ
ಕೇಳುವುದು ಅಡುಗೆ ಪುಸ್ತಕ;
ಡಬ್ಬಿಯಲ್ಲಿ ದಿನಾ ಅದೇ ಮುದ್ದೆ, ಅದೇ ಹುರುಳಿ ಸಾರು.

ಲೆಕ್ಕ ಬರೆಯುವ ಅಶ್ವತ್ಥಪ್ಪನವರು ಇದನ್ನು ಒಪ್ಪುವುದಿಲ್ಲ.
"ಕೇಳೋದು ಕೇಳೋದೇ, ಓದೋದು ಓದೋದೇ.
ಹಾಲು ಕುಡಿದ್ರೆ ಹಸು ಕರೆದಂಗಾಯ್ತಾ?"
"ಕರೆದೋರಿಗೆ ಕುಡಿಯಾಕೆ ಸಿಕ್ಕಿದ್ದು ಯಾವತ್ತು ಸಾರ್?"
ಜೈತುನ್ ಲೋಟ ತೊಳೆಯುತ್ತಲೇ ಅಂದಳು.

ನನಗೆ ಮಾತ್ರ ಅವರ ಮಾತು ಒಳಗೆಲ್ಲೋ ಕಚ್ಚಿತು.
ಭಾನುವಾರ ಗ್ರಂಥಾಲಯಕ್ಕೆ ಹೋಗಿ
ಕೇಳಿ ಮುಗಿಸಿದ್ದನ್ನೇ ಅಚ್ಚಿನಲ್ಲಿ ತಂದೆ,
ಹಿಮದಲ್ಲಿ ನಡೆದೇ ಹೋಗುವ ಡಾಕ್ಟರಮ್ಮನದು.
ಏಳನೇ ಕ್ಲಾಸು ಬಿಟ್ಟಮೇಲೆ
ನಾನು ಹಿಡಿದ ಮೊದಲ ದಪ್ಪ ಪುಸ್ತಕ.
ರೇಷನ್ ಅಂಗಡಿಯ ಯಂತ್ರ ಗುರುತು ಹಿಡಿಯದ ಬೆರಳನ್ನು
ಹಾಳೆ ಏನೂ ಕೇಳದೆ ಬಿಟ್ಟುಕೊಂಡಿತು.

ಆದರೆ ಅದರಲ್ಲಿ ಕೆಮ್ಮು ಇರಲಿಲ್ಲ.

ಫೋನಿನಲ್ಲಿ ಓದಿದ ಹೆಂಗಸಿಗೆ
ಹನ್ನೊಂದನೇ ಅಧ್ಯಾಯದಲ್ಲಿ ನೆಗಡಿ.
ಡಾಕ್ಟರಮ್ಮ ಬಾಗಿಲು ತಟ್ಟುತ್ತಾಳೆ,
ಕಿಟಕಿಯಲ್ಲಿದ್ದ ದೀಪ ಆರುತ್ತದೆ,
ಆಗ ಒಂದು ಸಣ್ಣ ಕೆಮ್ಮು.
ಒಳಗಿರುವವರದೇ ಅಂತ ನಂಬಿದ್ದೆ.
ಇದ್ದೂ ತೆಗೆಯುವುದಿಲ್ಲವಲ್ಲ ಎಂಬ ಸಿಟ್ಟಿಗೆ
ಅವತ್ತು ಎರಡು ಎಳೆ ಕಡಿಸಿ ಬೈಸಿಕೊಂಡೆ.
ಅಚ್ಚಿನಲ್ಲಿ ನೋಡಿದರೆ
ದೀಪ ಆರಿತು. ಪೂರ್ಣವಿರಾಮ.
ಮುಂದಿನ ಸಾಲಿಗೆ ಅವಳು ವಾಪಸು ಹೊರಟಾಗಿದೆ.

ಅಶ್ವತ್ಥಪ್ಪನವರು ಕನ್ನಡಕ ಹಣೆಗೇರಿಸಿ
ಪುಟವನ್ನು ಮೂಗಿನ ಹತ್ತಿರ ಹಿಡಿದು ಓದಿದರು.
"ಒಳಗೆ ಯಾರೂ ಇಲ್ಲಮ್ಮ. ಗಾಳಿಗೆ ಆರಿದ್ದು."
"ಅವ್ರೆ ಸಾರ್."
"ಎಲ್ಲಿ ಬರೆದದೆ, ತೋರಿಸು."

ಗುರುವಾರ ಮಧ್ಯಾಹ್ನ ಕರೆಂಟು ಹೋಯಿತು.
ಚರಕಗಳು ಸುಸ್ತಾದವರ ಹಾಗೆ ಒಂದೊಂದೇ ನಿಂತವು.
ಫೋನುಗಳು ಆಗಲೇ ಸತ್ತಿದ್ದವು.
"ನಿಂದಾದ್ರೂ ಓದೇ" ಅಂದಳು ಪಿಳ್ಳಮ್ಮ.
ಬಾಗಿಲ ಬೆಳಕಿಗೆ ಕೂತು ಓದಿದೆ,
ಒತ್ತಕ್ಷರ ಬಂದಲ್ಲಿ ಎಡವುತ್ತ,
ಹಬೆಯಲ್ಲಿ ಐದು ಮುಖ, ಲೆಕ್ಕದ ಮೇಜಿನಾಚೆ ಆರನೆಯದು.

ಅವಳು ಬಾಗಿಲು ತಟ್ಟಿದಳು.
ದೀಪ ಆರಿತು.

ಉಸಿರಿಗೆಂದು ನಿಲ್ಲಿಸಿದೆ.
ಹಿಂದಿನಿಂದ ಜೈತುನ್, ಸಣ್ಣಗೆ, ಕೆಮ್ಮಿದಳು.

ಅಶ್ವತ್ಥಪ್ಪನವರು ತಟ್ಟನೆ
ಮುಚ್ಚಿದ್ದ ಗೋದಾಮಿನ ಬಾಗಿಲ ಕಡೆ
ತಿರುಗಿ ನೋಡಿದರು.