ಹತ್ತು ಗ್ರಾಮು

ಮೊದಲೇ ಹೇಳಿಬಿಡ್ತೀನಿ, ಜೀವಕ್ಕೆಷ್ಟು ತೂಕ ಅಂತ ಕೇಳೋರು
ಬೇರೆ ಅಂಗಡಿ ನೋಡ್ಕೊಳ್ಳಿ.
ನನ್ನದು ರದ್ದಿ ಅಂಗಡಿ, ಚೌಕಿಪೇಟೆಯ ಹಿಂದಿನ ಗಲ್ಲಿ.
ನನ್ನ ಹುಚ್ಚೂ ರದ್ದಿಯಷ್ಟೇ ಸಾದಾ:
ಕೈಗೆ ಸಿಕ್ಕಿದ್ದನ್ನ ತೂಗೋದು,
ತೂಗಿದ್ದನ್ನ ಬರೆದಿಡೋದು.

ಒಗೆಯೋ ಮುಂಚಿನ ಅಂಗಿ, ಒಗೆದು ಒಣಗಿದ ಅಂಗಿ.
ನಡುವೆ ಬೆವರು, ಧೂಳು, ಭಟ್ಟಿಯ ಮಸಿ: ಏಳು ಗ್ರಾಮು.
ಒಂದು ವರ್ಷದ ಕ್ಷೌರದ ಕೂದಲು.
ಬೆಣ್ಣೆ ದೋಸೆ ತಿಂದೆದ್ದ ನಾನು, ತಿನ್ನದ ನಾನು,
ಮತ್ತೆ ದೋಸೆಯೊಂದೇ ಬೇರೆಯಾಗಿ, ಪಾರ್ಸೆಲ್ ತಂದು.
ಲೆಕ್ಕ ಕೂಡಲಿಲ್ಲ. ಎರಡು ರಾತ್ರಿ ನಿದ್ದೆ ಇಲ್ಲ.
ಒಂದೇ ಪುಸ್ತಕದ ಎರಡು ಪ್ರತಿ ರದ್ದಿಗೆ ಬಂದವು,
ಓದಿಸಿಕೊಂಡದ್ದು ಓದಿಸಿಕೊಳ್ಳದ್ದಕ್ಕಿಂತ ಭಾರ.
ಬೆರಳಿನ ಎಣ್ಣೆ, ಒಗ್ಗರಣೆಯ ಅರಿಶಿನ,
ಪುಟ ತಿರುವಲು ಹಚ್ಚಿದ ಎಂಜಲು.

ಹೆಂಗೆ ಹತ್ತಿತು ಇದು ಅಂತ ಕೇಳಿದೋರಿಗೆಲ್ಲ
"ಅಂಗಡಿಯೋನ ಕೈಲಿ ತಕ್ಕಡಿ ತಾನೆ" ಅಂತ ತಪ್ಪಿಸ್ಕೊಂಡೀನಿ.
ಸುಳ್ಳು. ಹುಚ್ಚು ಮೊದಲು, ಅಂಗಡಿ ಆಮೇಲೆ.

ನಾಲ್ಕನೇ ಕ್ಲಾಸು. ಬುಡೇನ್ ಸಾಬರ ಭಟ್ಟಿಗೆ
ಅವ್ವ ಸೇರು ಮಂಡಕ್ಕಿಗೆ ಕಳಿಸೋಳು.
ಮಂಡಕ್ಕಿಯನ್ನ ಯಾರೂ ತೂಗಲ್ಲ, ಅಳೀತಾರೆ.
ಸೇರಿನ ಮೇಲೆ ಗುಡ್ಡೆ ಏರಿಸಿ ಅಂಗೈಲಿ ಸವರ್ತಾರೆ.
ಸಾಬರು ಕೈ ಕೊಂಚ ಬಾಗಿಸಿ ಸವರೋರು,
ಹಂಗೆ ಉಳಿದ ಉಬ್ಬು ಧರ್ಮದ್ದು.

ಆಷಾಢ. ಮಳೆ ಅನ್ನೋಕೂ ನಾಚಿಕೆಯಾಗೋಂಥ ಜಿಡಿ.
ಪೊಟ್ಟಣ ಅಂಗಿಯೊಳಗೆ ತೂರಿಸ್ಕೊಂಡು
ಯಾರದೋ ಗೋಲಿಯಾಟ ನೋಡ್ತಾ ನಿಂತುಬಿಟ್ಟೆ.
ಮನೆ ಸೇರೋ ಹೊತ್ತಿಗೆ ಮಂಡಕ್ಕಿ ಮೆತ್ತಗೆ.
ಅವ್ವ ಒಂದು ಕಾಳು ಬಾಯಿಗಿಟ್ಟು ಬೈಯಲಿಲ್ಲ,
"ಇದರೊಳಗೆ ಏನೋ ಹೊಕ್ಕೈತೆ" ಅಂದ್ಲು.

ಏನೋ.
ಆ ಏನೋನ ಎತ್ಕೊಂಡು ಶೆಟ್ಟರ ಅಂಗಡಿಗೆ ಓಡಿದೆ.
ಶೆಟ್ಟರು ನಕ್ಕರು, ಆದರೂ ತಕ್ಕಡಿ ಎತ್ತಿದರು: ತೊಂಬತ್ತು.
ಮಾರನೇ ದಿನ ಬಿಸಿಲು, ಅದೇ ಸೇರು, ಅದೇ ಅಂಗೈ: ಎಂಬತ್ತು.
ಹತ್ತು ಗ್ರಾಮು ಅಂದ್ರೆ
ನಾನು ಬೀದೀಲಿ ನಿಂತು ಕಳೆದ ಒಂದು ಸಂಜೆ.
ಕಾಣದೇ ಇರೋದು ತಕ್ಕಡೀಲಿ ಸಿಗ್ತೈತೆ ಅಂತ ಗೊತ್ತಾದ ಮೇಲೆ
ನೀವಾಗಿದ್ರೆ ಬಿಡ್ತಿದ್ರೇನು?

ಕೊಟ್ರಮ್ಮನ್ನ ಮದುವೆಯಾದಾಗ ಈ ವಿಷಯ ಮುಚ್ಚಿಟ್ಟಿದ್ದೆ.
ಒಂಬತ್ತನೇ ದಿನ ಸಿಕ್ಕಿಬಿದ್ದೆ,
ಅವಳು ಮುಡಿದು ತೆಗೆದ ಮಲ್ಲಿಗೆ ತಕ್ಕಡೀಲಿ.
ನಕ್ಕಳು, ಆಗಿನ್ನೂ ನಗೋ ಕಾಲ.
ಹನ್ನೆರಡು ವರ್ಷಕ್ಕೆ ನಗು ಸಾಕಾಯಿತು. ಒಂದು ಬೆಳಗ್ಗೆ
"ನನ್ನ ಮಾತಿಗೆ ನಿಮ್ಮಲ್ಲಿ ತೂಕ ಇಲ್ಲ" ಅಂತ
ಹರಪನಹಳ್ಳಿ ಬಸ್ಸಿಗೆ ಹೊರಟಳು.
ಬಾಗಿಲಲ್ಲಿ ಬ್ಯಾಗು ಇಸ್ಕೊಂಡೆ.
ತಡೀತೀನಿ ಅಂದ್ಕೊಂಡಿರಬೇಕು ಪಾಪ.
ಆರು ಕಿಲೋ ಮುನ್ನೂರು.

ಐದನೇ ದಿನ ಬಂದಳು. ಚಪ್ಪಲಿ ಬಿಡೋ ಮುಂಚೆ
ತಾನೇ ಬ್ಯಾಗನ್ನ ತಕ್ಕಡಿ ಮೇಲೆ ಒಗೆದು
"ಬರ್ಕೊಳ್ಳಿ" ಅಂದಳು.
ಏಳು ನೂರು. ಅವರವ್ವ ಕೊಟ್ಟ ಶೇಂಗಾ ಚಟ್ನಿಪುಡಿ.
"ನಾನಿಲ್ಲದಾಗ ಮನೆ ಎಷ್ಟು ತೂಗ್ತು?"

ಮನೆ ತೂಗೋ ತಕ್ಕಡಿ ಯಾರ ಹತ್ರ ಐತೆ.
ಗೊತ್ತಿದ್ದಷ್ಟು ಹೇಳಿದೆ:
ನಿನ್ನ ಬದಿಯ ದಿಂಬು, ದಿನಾ ಒಂದೊಂದು ಗ್ರಾಮು ಕಡಿಮೆ.
ಸುಮಾರು ಹೊತ್ತು ನನ್ನ ಮುಖ ನೋಡಿದಳು.
"ಎಣ್ಣೆ ಆರಿರ್ತದೆ ಬಿಡ್ರಿ" ಅಂದು ಒಳಗೆ ಹೋದಳು.

ಹೊರಗೆ ಜಿಡಿ.
ಡಬ್ಬಿಯ ಮುಚ್ಚಳ ತೆಗೆದ ಸದ್ದು,
ಈರುಳ್ಳಿ ಹೆಚ್ಚಿದ ಸದ್ದು,
ಹೊಸ ಪುಡಿ ಕಲಸಿದ ಮಂಡಕ್ಕಿ ಬಟ್ಟಲ ತುಂಬ ತಂದಿಟ್ಟು
ನನ್ನ ಎದುರೇ ಕೂತಳು.
ನಾನು ತೂಗಲಿಲ್ಲ.

ಸುಳ್ಳು.
ಅವಳು ನೀರಿಗೆ ಎದ್ದಾಗ ತೂಗಿದೆ.
ನೂರಾ ಮೂವತ್ತು, ಬಟ್ಟಲು ಬಿಟ್ಟು.